ಮಗುವನ್ನು ಹಾಡಿ ಮಲಗಿಸುವುದು ಹೇಗೆ: ಜೋಗುಳದ ಸಮಗ್ರ ಮಾರ್ಗದರ್ಶಿ

ಮಗುವಿಗೆ ರಾತ್ರಿ ಹಾಡಬೇಕು ಅನ್ನುವ ಆಸೆ ತುಂಬಾ ಜನರಿಗಿದೆ. ಆದರೆ "ನನಗೆ ರಾಗ ಬರಲ್ಲ" ಎಂದು ಹಿಂಜರಿದು ಫೋನಿನಲ್ಲಿ ಲಾಲಿ ಹಾಡು ಹಾಕಿ ಪಕ್ಕಕ್ಕಿಡುತ್ತಾರೆ. ಇನ್ನು ಕೆಲವರು ಚೆನ್ನಾಗಿಯೇ ಹಾಡುತ್ತಾರೆ. ಅರ್ಧ ಗಂಟೆ ಹಾಡಿದರೂ ಮಗು ಕಣ್ಣರಳಿಸಿಕೊಂಡು ಕೇಳುತ್ತಲೇ ಇರುತ್ತದೆ.

ಮಲಗಿಸುವ ಹಾಡಿಗೆ ಒಳ್ಳೆಯ ಕಂಠ ಬೇಕಿಲ್ಲ. ಮಗುವಿಗೆ ಗೊತ್ತಿರುವ ದನಿ, ದಿನವೂ ಅದೇ ಹಾಡು, ಮತ್ತು ಹಾಡುತ್ತಾ ಹಾಡುತ್ತಾ ಇಳಿಯುವ ಲಯ, ಇಷ್ಟಿದ್ದರೆ ಸಾಕು. ಇದನ್ನು ಯಾರು ಬೇಕಾದರೂ ಕಲಿಯಬಹುದು. ಹೇಗೆ ಎಂದು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ನಿಮ್ಮ ದನಿ ಏಕೆ ಸಾಕು

ಹೊಟ್ಟೆಯಲ್ಲಿದ್ದಾಗಲೇ ಮಗು ಅಮ್ಮನ ದನಿ ಕೇಳಿಸಿಕೊಂಡಿರುತ್ತದೆ. ಹುಟ್ಟಿ ಮೂರು ದಿನ ತುಂಬದ ಕೂಸುಗಳು ಕೂಡ ಬೇರೆ ಹೆಂಗಸಿನ ದನಿಗಿಂತ ಅಮ್ಮನ ದನಿಯನ್ನೇ ಬಯಸುತ್ತವೆ ಎಂದು 1980ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ಮಾಂಟ್ರಿಯಲ್‌ನ ಸಂಶೋಧಕರು 2015ರಲ್ಲಿ ಇನ್ನೊಂದು ವಿಷಯ ಕಂಡುಕೊಂಡರು. ಆರರಿಂದ ಒಂಬತ್ತು ತಿಂಗಳ ಮಕ್ಕಳಿಗೆ ಬರೀ ಮಾತು ಕೇಳಿಸಿದಾಗ ಅವರು ಸುಮಾರು 4 ನಿಮಿಷ ಅಳದೆ ಇದ್ದರು. ಹಾಡು ಕೇಳಿಸಿದಾಗ ಸುಮಾರು 9 ನಿಮಿಷ ಸಮಾಧಾನವಾಗಿದ್ದರು. ಆ ಹಾಡು ಟರ್ಕಿ ಭಾಷೆಯದು, ಮಕ್ಕಳಿಗೆ ಗೊತ್ತೇ ಇಲ್ಲದ ಭಾಷೆ. ಗೊತ್ತಿಲ್ಲದ ಹಾಡೇ ಇಷ್ಟು ಕೆಲಸ ಮಾಡಿದರೆ, ಗೊತ್ತಿರುವ ದನಿಯಲ್ಲಿ ಗೊತ್ತಿರುವ ಹಾಡು ಎಷ್ಟು ಹಿತವಾಗಿರಬೇಡ?

ಅಪಸ್ವರದ ಚಿಂತೆ ಬಿಟ್ಟುಬಿಡಿ. ನಮ್ಮ ಅಜ್ಜಿಯರಲ್ಲಿ ಸಂಗೀತದ ಪಾಠ ಹೇಳಿಸಿಕೊಂಡವರು ಎಷ್ಟು ಜನ? ಬೀಸುತ್ತಾ, ಕುಟ್ಟುತ್ತಾ, ತೊಟ್ಟಿಲು ತೂಗುತ್ತಾ ಹಾಡಿದರು, ಮಕ್ಕಳು ನಿದ್ದೆ ಮಾಡಿದವು.

ಹಂತ 1: ಹಾಡು ಆರಿಸಿಕೊಳ್ಳಿ

ಮೂರು ಹಾಡು ಸಾಕು. ಅದರಲ್ಲಿ ಒಂದು ಕಡೆಯ ಹಾಡು. ಅದು ಯಾವತ್ತೂ ಬದಲಾಗಬಾರದು. ಆ ಹಾಡು ಶುರುವಾದರೆ ಇನ್ನು ಮಾತಿಲ್ಲ, ನಿದ್ದೆ ಮಾತ್ರ ಎಂದು ಮಗುವಿಗೆ ಕೆಲವು ವಾರಗಳಲ್ಲಿ ತಿಳಿಯುತ್ತದೆ. ದಿನಕ್ಕೊಂದು ಹೊಸ ಹಾಡು ಹಾಡಿದರೆ ಮಗು ಅದನ್ನು ಕೇಳಲು ಎಚ್ಚರವಾಗಿಯೇ ಇರುತ್ತದೆ.

ಹಾಡು ಆರಿಸುವಾಗ ಇವನ್ನು ನೋಡಿ:

- ಸ್ವರಗಳ ಏರಿಳಿತ ಕಡಿಮೆ ಇರಲಿ. ಮೇಲಕ್ಕೆ ಹಾರುವ ಸಾಲಿದ್ದರೆ ದನಿ ಜೋರಾಗುತ್ತದೆ.
- ಸಾಲುಗಳು ಚಿಕ್ಕವಿರಲಿ. ಒಂದು ಉಸಿರಿಗೆ ಒಂದು ಸಾಲು ಮುಗಿಯಬೇಕು.
- "ಜೋ ಜೋ", "ಲಾಲಿ", "ಹಾಯಿ" ಹೀಗೆ ಮತ್ತೆ ಮತ್ತೆ ಬರುವ ಒಂದು ಪಲ್ಲವಿ ಇರಲಿ. ಪದ ಮರೆತಾಗ ಅದೇ ಕಾಪಾಡುತ್ತದೆ.
- ಚಪ್ಪಾಳೆ, ಕುಣಿತ, ಪ್ರಾಣಿಗಳ ಕೂಗು ಇರುವ ಹಾಡು ಬೇಡ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜಿ.ಪಿ. ರಾಜರತ್ನಂ ಅವರ ತುತ್ತೂರಿ, ನಾಯಿಮರಿ ಪದ್ಯಗಳನ್ನು ಯಾವ ಕನ್ನಡದ ಮಗು ಇಷ್ಟಪಡುವುದಿಲ್ಲ? ಆದರೆ ಅವು ಹಗಲಿನ ಹಾಡುಗಳು. ಪ್ರಶ್ನೆ, ಉತ್ತರ, ನಗು, ಅಭಿನಯ ಎಲ್ಲ ಅವುಗಳಲ್ಲಿವೆ. ರಾತ್ರಿ ಹಾಡಿದರೆ ಮಗು ಎದ್ದು ಕೂತು "ಇನ್ನೊಂದ್ಸಲ" ಎನ್ನುವುದು ಸಹಜ. ಅವನ್ನು ಸಂಜೆ ಸ್ನಾನಕ್ಕೋ ಊಟಕ್ಕೋ ಇಟ್ಟುಕೊಳ್ಳಿ.

ರಾತ್ರಿಗೆ ನಮ್ಮಲ್ಲಿ ಬೇಕಾದಷ್ಟಿದೆ. ಪುರಂದರದಾಸರು ಕೃಷ್ಣನನ್ನು ತೂಗಿದ ಪದಗಳಿವೆ. ಜನಪದ ತ್ರಿಪದಿಗಳಂತೂ ಸಾವಿರಾರು. ಹಲಸಂಗಿ ಗೆಳೆಯರು ವಿಜಯಪುರ ಸೀಮೆಯ ಹೆಂಗಸರ ಬಾಯಿಂದ ಸಂಗ್ರಹಿಸಿದ "ಗರತಿಯ ಹಾಡು" ಪುಸ್ತಕದಲ್ಲಿ ಕೂಸಿನ ಮೇಲಿನ ತ್ರಿಪದಿಗಳು ಸಿಗುತ್ತವೆ. ತ್ರಿಪದಿಯನ್ನು ಹಾಡುವುದು ಸುಲಭ. ಮೂರೇ ಸಾಲು. ಎರಡನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಮೂರನೆಯದಕ್ಕೆ ಹೋದರೆ ರಾಗ ತಾನಾಗಿ ಕೂಡಿಕೊಳ್ಳುತ್ತದೆ. ಎಲ್ಲ ತ್ರಿಪದಿಗೂ ಅದೇ ಧಾಟಿ. ಒಂದು ಧಾಟಿ ಬಂದರೆ ನೂರು ಪದ ಬಂದ ಹಾಗೆ.

ಸಂಗೀತ ಕಲಿತವರಾದರೆ ನೀಲಾಂಬರಿ, ನವರೋಜು, ಕುರಂಜಿ ರಾಗಗಳು ನಿಮಗೆ ಗೊತ್ತಿರುತ್ತವೆ. ಲಾಲಿ, ಉಯ್ಯಾಲೆ ಪದಗಳಿಗೆ ಇವು ಹೆಚ್ಚು ಬಳಕೆಯಲ್ಲಿವೆ. ನವರೋಜು, ಕುರಂಜಿಗಳಲ್ಲಿ ದನಿ ಮೇಲಿನ ಷಡ್ಜದವರೆಗೆ ಏರುವುದೇ ಇಲ್ಲ. ಮಲಗಿಸುವ ಹಾಡಿಗೆ ಬೇಕಿರುವುದೂ ಅದೇ ಅಲ್ವಾ?

ಸಿನಿಮಾ ಹಾಡು ಹಾಡಬಹುದೇ ಎಂದು ಕೇಳುವವರಿದ್ದಾರೆ. ಖಂಡಿತ ಹಾಡಬಹುದು. ನಿಧಾನ ಮಾಡಿದಾಗ ಕೂಡ ಚೆನ್ನಾಗಿ ಕೇಳುವ ಹಾಡಾದರೆ ಸರಿ. ವಾದ್ಯಗಳಿಲ್ಲದೆ ಒಮ್ಮೆ ಗುನುಗಿ ನೋಡಿ, ಗೊತ್ತಾಗುತ್ತದೆ.

ಹಂತ 2: ಹಾಡುವ ಮೊದಲಿನ ಅರ್ಧ ಗಂಟೆ

ಹಾಡು ಕೆಲಸ ಮಾಡದಿರಲು ಮುಖ್ಯ ಕಾರಣ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ಊಟ ಒಂಬತ್ತಕ್ಕೆ, ಟಿವಿ ಹತ್ತರವರೆಗೆ. ಮಗು ಆ ಗದ್ದಲದಲ್ಲೇ ಇದ್ದು, ದಣಿವು ಮೀರಿ, ರಚ್ಚೆ ಹಿಡಿದ ಮೇಲೆ ಹಾಡಲು ಶುರು ಮಾಡುತ್ತೇವೆ. ಆಗ ಯಾವ ಹಾಡಿಗೂ ಅದು ಬಗ್ಗುವುದಿಲ್ಲ.

ದಣಿವಿನ ಗುರುತುಗಳನ್ನು ಮೊದಲೇ ಹಿಡಿಯಿರಿ. ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು, ಆಕಳಿಕೆ, ಶೂನ್ಯದತ್ತ ದಿಟ್ಟಿಸುವುದು, ಸುಮ್ನೆ ಕೈಯಲ್ಲಿರುವುದನ್ನು ಎಸೆಯುವುದು. ಇವು ಕಂಡ ತಕ್ಷಣ ಕೋಣೆಗೆ ಹೋಗಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹಗಲಿನ ನಿದ್ದೆಯೂ ಸೇರಿ, ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. 4ರಿಂದ 11 ತಿಂಗಳಿಗೆ 12ರಿಂದ 16, ಒಂದರಿಂದ ಎರಡು ವರ್ಷಕ್ಕೆ 11ರಿಂದ 14, ಮೂರು-ನಾಲ್ಕು ವರ್ಷಕ್ಕೆ 10ರಿಂದ 13 ಗಂಟೆ. ಇದರಲ್ಲಿ ಹಗಲಿನ ನಿದ್ದೆ ಕಳೆದು, ಬೆಳಿಗ್ಗೆ ಏಳುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ ನಿಮ್ಮ ಮಗು ಮಲಗಬೇಕಾದ ಹೊತ್ತು ಕಂಡುಕೊಳ್ಳಿ.

ಕ್ರಮ ಸರಳವಾಗಿರಲಿ. ಹಾಲು ಅಥವಾ ಊಟ, ಹಲ್ಲು ಬಂದಿದ್ದರೆ ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು, ದೀಪ ಸಣ್ಣ ಮಾಡುವುದು, ಸೊಳ್ಳೆ ಪರದೆ, ಹಾಡು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿ, ಹಲ್ಲು ಹುಳುಕಾಗುತ್ತದೆ. ಫೋನನ್ನು ಕೋಣೆಯ ಹೊರಗೇ ಬಿಟ್ಟು ಬನ್ನಿ. ಹಾಡಿನ ನಡುವೆ ನೀವು ಒಮ್ಮೆ ಪರದೆ ನೋಡಿದರೂ ಮಗು ಆ ಬೆಳಕಿನತ್ತ ತಿರುಗುತ್ತದೆ.

ಹೊರಗೆ ಟಿವಿ ಓಡುತ್ತಿದ್ದರೆ ಮನೆಯವರಿಗೆ ಹೇಳಿ ಸದ್ದು ಕಡಿಮೆ ಮಾಡಿಸಿ. ಇದೊಂದು ಮಾತಿಗೆ ಸಂಕೋಚ ಪಡಬೇಡಿ.

ಹಂತ 3: ದನಿ, ಉಸಿರು, ಕೈ

ಮೊದಲು ನೀವು ಆರಾಮಾಗಿ ಕುಳಿತುಕೊಳ್ಳಿ. ಬೆನ್ನಿಗೆ ಒರಗು ಇರಲಿ. ಎರಡು ಸಲ ನಿಧಾನವಾಗಿ ಉಸಿರು ಬಿಡಿ. ಅಡುಗೆಮನೆಯಲ್ಲಿ ಉಳಿದ ಪಾತ್ರೆ, ಆಫೀಸಿನ ಮೇಲ್ ತಲೆಯಲ್ಲಿದ್ದರೆ ಹಾಡು ಅವಸರವಾಗುತ್ತದೆ. ಎತ್ತಿಕೊಂಡವರ ಮೈ ಬಿಗಿಯಾಗಿದ್ದರೆ ಮಗುವಿಗೆ ಅದು ತಿಳಿಯುತ್ತದೆ.

ನೀವು ಮಾತಾಡುವ ದನಿಗಿಂತ ಸ್ವಲ್ಪ ಕೆಳಗಿನ ಶ್ರುತಿ ಹಿಡಿಯಿರಿ. ಮಲಗಿಕೊಂಡು ಬಾಯಿ ಮುಚ್ಚಿ ಗುನುಗಿದಾಗ ಯಾವ ಸ್ವರ ಸುಲಭವಾಗಿ ಬರುತ್ತದೋ ಅದೇ ನಿಮ್ಮ ಶ್ರುತಿ. ಎದೆಗೆ ಆನಿಸಿಕೊಂಡ ಮಗುವಿಗೆ ಆ ಗುನುಗು ಕಿವಿಗೂ ಕೇಳುತ್ತದೆ, ಮೈಗೂ ತಾಕುತ್ತದೆ. ಇಲ್ಲಿ ಅಪ್ಪಂದಿರಿಗೆ ಒಂದು ಅನುಕೂಲವಿದೆ. ಗಂಡು ದನಿಯ ಕೆಳಸ್ವರ ಎದೆಯಲ್ಲಿ ಚೆನ್ನಾಗಿ ಅನುರಣಿಸುತ್ತದೆ. ಜೋಗುಳ ಹೆಂಗಸರ ಕೆಲಸ ಎಂದು ಅಪ್ಪ ಹೊರಗೆ ಕೂರುವುದು ಮಗುವಿಗೂ ನಷ್ಟ, ಅಪ್ಪನಿಗೂ ನಷ್ಟ.

ಕೈಯ ತಟ್ಟು ಒಂದು ಸೆಕೆಂಡಿಗೆ ಒಂದರಂತೆ ಶುರುವಾಗಲಿ. ಬೆನ್ನಿನ ಮೇಲೋ ತೊಡೆಯ ಮೇಲೋ ಅಂಗೈ ಪೂರ್ತಿ ತಾಗುವಂತೆ ಮೆಲ್ಲಗೆ ತಟ್ಟಿ. ಬೆರಳ ತುದಿಯಿಂದ ತಟ್ಟಿದರೆ ಕಚಗುಳಿಯಾಗುತ್ತದೆ. ತೂಗುವುದಾದರೆ ತೂಗಿನ ಒಂದು ಸುತ್ತಿಗೆ ಹಾಡಿನ ಅರ್ಧ ಸಾಲು ಹೊಂದಿಸಿಕೊಳ್ಳಿ.

ಹಂತ 4: ಹಾಡನ್ನು ಇಳಿಸುವುದು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚೆನ್ನಾಗಿ ಹಾಡುವವರೂ ಸೋಲುವುದು ಇಲ್ಲೇ. ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ದನಿ, ಒಂದೇ ವೇಗ. ಆಮೇಲೆ ಮಗು ಕಣ್ಣು ಮುಚ್ಚಿತು ಎಂದು ಹಾಡು ತಟ್ಟನೆ ನಿಲ್ಲುತ್ತದೆ. ಆ ಮೌನಕ್ಕೇ ಮಗು ಎಚ್ಚರಗೊಳ್ಳುತ್ತದೆ.

ಹೀಗೆ ಮಾಡಿ.

ಮೊದಲ ಸುತ್ತು: ಮಗು ಇರುವ ಸ್ಥಿತಿಯಲ್ಲೇ ಶುರು ಮಾಡಿ. ಅದು ಜೋರಾಗಿ ಅಳುತ್ತಿದ್ದರೆ ಪಿಸುಗುಟ್ಟಿ ಪ್ರಯೋಜನವಿಲ್ಲ, ಕೇಳಿಸುವುದೇ ಇಲ್ಲ. ಅಳುವಿಗೆ ಸ್ವಲ್ಪ ಸಮನಾದ ದನಿಯಲ್ಲಿ, ಸ್ವಲ್ಪ ಚುರುಕಾಗಿ ಹಾಡಿ, ಗಮನ ಸೆಳೆಯಿರಿ. ಎತ್ತಿಕೊಂಡು ಓಡಾಡುತ್ತಾ ಹಾಡಿದರೂ ಸರಿ.

ಎರಡನೆಯ ಸುತ್ತು: ಅಳು ಬಿಕ್ಕಾಗಿ ಇಳಿಯಿತೇ? ಈಗ ಕುಳಿತುಕೊಳ್ಳಿ. ಪದಗಳನ್ನು ಹಾಗೇ ಇಟ್ಟು ವೇಗ ಇಳಿಸಿ. ಸಾಲಿನ ಕೊನೆಯ ಅಕ್ಷರವನ್ನು ಎಳೆಯಿರಿ. ಸಾಲಿಗೂ ಸಾಲಿಗೂ ನಡುವೆ ಒಂದು ಉಸಿರಿನಷ್ಟು ಬಿಡುವು ಕೊಡಿ.

ಮೂರನೆಯ ಸುತ್ತು: ಪದಗಳನ್ನು ಕಡಿಮೆ ಮಾಡುತ್ತಾ ಹೋಗಿ. ಚರಣ ಬಿಟ್ಟು ಪಲ್ಲವಿಯನ್ನು ಮಾತ್ರ ಹಾಡಿ. ಆಮೇಲೆ ಪಲ್ಲವಿಯೂ ಹೋಗಿ "ಜೋ ಜೋ" ಮಾತ್ರ ಉಳಿಯಲಿ. ಮಗು ಕಣ್ಣು ರೆಪ್ಪೆ ಎಳೆದುಕೊಳ್ಳತೊಡಗುವುದು ಸಾಮಾನ್ಯವಾಗಿ ಈ ಹೊತ್ತಿಗೆ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಹಣೆಯನ್ನೋ ಕಿವಿಯನ್ನೋ ನೋಡಿ.

ನಾಲ್ಕನೆಯ ಸುತ್ತು: ಬಾಯಿ ಮುಚ್ಚಿ ಅದೇ ರಾಗವನ್ನು ಗುನುಗಿ. ಮಗುವಿನ ಉಸಿರು ನೋಡುತ್ತಾ ಅದರ ಉಸಿರು ಬಿಡುವಿಕೆಗೆ ನಿಮ್ಮ ಗುನುಗು ಸೇರಿಸಿ. ತಟ್ಟುವ ಕೈ ನಿಧಾನವಾಗಲಿ.

ಕೊನೆಗೆ ಗುನುಗು ನಿಲ್ಲಿಸಿ. ಕೈ ಮಾತ್ರ ಇರಲಿ. ತಟ್ಟುವುದೂ ನಿಂತು, ಅಂಗೈ ಸುಮ್ಮನೆ ಮಗುವಿನ ಮೇಲಿರಲಿ. ಒಂದೆರಡು ನಿಮಿಷ ಹಾಗೇ ಇದ್ದು ಆಮೇಲೆ ಕೈ ತೆಗೆಯಿರಿ. ಮುಷ್ಟಿ ಸಡಿಲವಾಗಿದ್ದರೆ, ಕೈಯೆತ್ತಿ ಬಿಟ್ಟಾಗ ಜೋತುಬಿದ್ದರೆ ಗಾಢ ನಿದ್ದೆ. ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಇನ್ನೂ ಓಡಾಡುತ್ತಿದ್ದರೆ, ತುಟಿ ಕದಲುತ್ತಿದ್ದರೆ ಅದಿನ್ನೂ ಜೋಂಪು. ಸ್ವಲ್ಪ ಕಾಯಿರಿ.

ನಾಲ್ಕೈದು ತಿಂಗಳು ದಾಟಿದ ಮೇಲೆ ಒಂದು ಬದಲಾವಣೆ ಮಾಡಿಕೊಳ್ಳಿ. ಪೂರ್ತಿ ನಿದ್ದೆ ಬರುವವರೆಗೆ ಕೈಯಲ್ಲೇ ಇಟ್ಟುಕೊಳ್ಳದೆ, ಮೂರನೆಯ ಸುತ್ತಿನಲ್ಲೇ ಹಾಸಿಗೆಗೆ ಮಲಗಿಸಿ ಉಳಿದದ್ದನ್ನು ಪಕ್ಕದಲ್ಲಿ ಕೂತು ಹಾಡಿ. ಮಂಪರಿನಲ್ಲಿ ಹಾಸಿಗೆ ಸೇರಿದ ಮಗು ನಡುರಾತ್ರಿ ಎಚ್ಚರವಾದಾಗಲೂ ತಾನಾಗಿ ಮತ್ತೆ ನಿದ್ದೆಗೆ ಜಾರುವುದನ್ನು ಕಲಿಯುತ್ತದೆ. ಮೊದಲ ದಿನವೇ ಆಗಲಿಕ್ಕಿಲ್ಲ. ವಾರಗಟ್ಟಲೆ ಹಿಡಿಯಬಹುದು.

ತೊಟ್ಟಿಲು, ಜೋಳಿಗೆ, ಹಾಸಿಗೆ

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಇಂದಿಗೂ ಹೆಸರುವಾಸಿ. ಸೀರೆಯ ಜೋಳಿಗೆ ಕಟ್ಟಿ ತೂಗುವ ಮನೆಗಳೂ ಬೇಕಾದಷ್ಟಿವೆ. ಇವುಗಳ ಜೊತೆ ಹಾಡಿಗೆ ಒಳ್ಳೆಯ ಲಯ ಸಿಗುತ್ತದೆ ಎನ್ನುವುದು ನಿಜ. ಆದರೂ ಕೆಲವು ಮಾತು ಹೇಳಲೇಬೇಕು.

ಒಂದು ವರ್ಷದೊಳಗಿನ ಮಗುವನ್ನು ಪ್ರತಿಸಲವೂ ಬೆನ್ನ ಮೇಲೆ ಮಲಗಿಸಿ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿರಲಿ. ದಿಂಬು, ಮೆತ್ತನೆಯ ಗೊಂಬೆ, ಸಡಿಲ ಹೊದಿಕೆ ಬೇಡ. ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬೂ ಬೇಡ. ಜೋಳಿಗೆಯಲ್ಲಿ ಮಗುವಿನ ಕುತ್ತಿಗೆ ಬಾಗಿ ಗದ್ದ ಎದೆಗೆ ತಾಗಿದರೆ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಹಾಗಾಗಿ ಜೋಳಿಗೆಯಲ್ಲಿ ತೂಗುವಷ್ಟು ಹೊತ್ತೂ ಯಾರಾದರೂ ಮುಖ ನೋಡುತ್ತಿರಬೇಕು. ನಿದ್ದೆ ಬಂದ ಮೇಲೆ ಸಮತಟ್ಟು ಹಾಸಿಗೆಗೆ ಬದಲಿಸಿ. ಸೋಫಾದಲ್ಲಿ ಎದೆಯ ಮೇಲೆ ಮಲಗಿಸಿಕೊಂಡು ಹಾಡುತ್ತಾ ನೀವೇ ನಿದ್ದೆಹೋಗುವುದು ತುಂಬಾ ಅಪಾಯ. ಕಣ್ಣು ಎಳೆಯುತ್ತಿದ್ದರೆ ಎದ್ದುಬಿಡಿ, ಮಗುವನ್ನು ಅದರ ಜಾಗದಲ್ಲಿ ಮಲಗಿಸಿ.

ಹಂತ 5: ವಯಸ್ಸಿಗೆ ತಕ್ಕಂತೆ

ಮೊದಲ ಮೂರು ತಿಂಗಳು ನಿದ್ದೆಗೆ ಹೊತ್ತು, ಕ್ರಮ ಎರಡೂ ಇರುವುದಿಲ್ಲ. ಸಂಜೆ ಹೊತ್ತು ಕಾರಣವಿಲ್ಲದೆ ಅಳುವುದು ಆರನೆಯ ವಾರದ ಸುಮಾರಿಗೆ ಜಾಸ್ತಿಯಾಗಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ದಿನಗಳಲ್ಲಿ ಹಾಡು ನಿದ್ದೆ ತರದಿದ್ದರೂ ಹಾಡಿ. ಹಾಡುವವರಿಗೂ ಅದರಿಂದ ಸಮಾಧಾನ ಸಿಗುತ್ತದೆ. ಜನಪದ ಜೋಗುಳಗಳಲ್ಲಿ ತಾಯಿ ತನ್ನ ದಣಿವು, ತವರಿನ ನೆನಪು ಎಲ್ಲವನ್ನೂ ಹಾಡಿಕೊಂಡಿದ್ದಾಳೆ. ನೀವೂ ಹಾಡಿಕೊಳ್ಳಬಹುದು. ತಾಳ್ಮೆ ಪೂರ್ತಿ ಕಳೆದುಹೋಯಿತು ಅನ್ನಿಸಿದರೆ ಮಗುವನ್ನು ಸುರಕ್ಷಿತವಾಗಿ ಬೆನ್ನ ಮೇಲೆ ಮಲಗಿಸಿ, ಕೋಣೆಯಿಂದ ಹೊರಗೆ ಬಂದು ಐದು ನಿಮಿಷ ನೀರು ಕುಡಿದು ಹೋಗಿ. ಮಗುವನ್ನು ಎಂದೂ ಅಲುಗಾಡಿಸಬೇಡಿ. ಅಳು ಎಂದಿನಂತಿಲ್ಲ, ಜ್ವರ ಇದೆ, ಹಾಲು ಕುಡಿಯುತ್ತಿಲ್ಲ ಎಂದರೆ ಹಾಡು ಬಿಟ್ಟು ವೈದ್ಯರ ಬಳಿ ಹೋಗಿ.

ಆರು ತಿಂಗಳಿಂದ ಒಂದು ವರ್ಷದವರೆಗಿನ ಕಾಲ ಹಾಡಿನ ಮಟ್ಟಿಗೆ ಸುಗ್ಗಿ. ಕಡೆಯ ಹಾಡು ಗಟ್ಟಿಯಾಗಿ ಕೂರುವುದು ಈಗಲೇ.

ಒಂದರಿಂದ ಮೂರು ವರ್ಷದ ಮಗು ಹಾಡಿಗೆ ಬಾಯಿ ಸೇರಿಸುತ್ತದೆ. ಸಾಲಿನ ಕೊನೆಯ ಪದ ಬಿಟ್ಟರೆ ತಾನೇ ತುಂಬುತ್ತದೆ. ಇದು ಮಾತು ಕಲಿಯಲು ಒಳ್ಳೆಯದು, ಆದರೆ ಮೊದಲ ಎರಡು ಹಾಡುಗಳಲ್ಲಿ ಮಾತ್ರ ಮಾಡಿ. ಕಡೆಯ ಹಾಡಿನಲ್ಲಿ ನೀವೊಬ್ಬರೇ ಹಾಡಿ.

ಮೂರು ದಾಟಿದ ಮೇಲೆ "ಇನ್ನೊಂದು, ಇನ್ನೊಂದು" ಶುರುವಾಗುತ್ತದೆ. ಎರಡು ಹಾಡು ಮಗು ಆರಿಸಲಿ, ಮೂರನೆಯದು ಕಡೆಯದು ಎಂದು ಹಗಲಲ್ಲೇ ಒಪ್ಪಂದ ಮಾಡಿಕೊಳ್ಳಿ. ಒಂದು ದಿನ ಐದು ಹಾಡಿದರೆ ಮರುದಿನದಿಂದ ಐದೇ ಲೆಕ್ಕ. ಮತ್ತೆ ಕೇಳಿದರೆ "ಕಡೆಯ ಹಾಡು ಆಯಿತು ಕಂದ" ಎಂದು ಅದೇ ಮಾತನ್ನು ಅದೇ ಮೆಲುದನಿಯಲ್ಲಿ ಹೇಳಿ, ಗುನುಗಿ. ವಾದ ಬೇಡ.

ಮಲಗದಿದ್ದರೆ ಗುಮ್ಮ ಬರುತ್ತಾನೆ ಎಂದು ಹೆದರಿಸುವುದನ್ನು ದಯವಿಟ್ಟು ಬಿಡಿ. ಪುರಂದರದಾಸರ ಪದದಲ್ಲಿ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡ ಎಂದು ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಹೆದರಿದ ಮಗುವಿನ ಎದೆ ಬಡಿತ ಏರುತ್ತದೆ. ಹಾಡು ಇಳಿಸಬೇಕಾದದ್ದು ಅದನ್ನೇ.

ಹಂತ 6: ನಿಮ್ಮದೇ ಜೋಗುಳ ಕಟ್ಟಿ

ಯಾವ ಹಾಡೂ ಬರುವುದಿಲ್ಲ ಎನ್ನುವವರು ಇಲ್ಲಿಂದಲೇ ಶುರು ಮಾಡಬಹುದು. ನಾಲ್ಕು ನಾಲ್ಕು ಮಾತ್ರೆಯ ತೂಗು ಹಿಡಿದು, ಮನೆಯಲ್ಲಿ ಕಾಣುವ ಒಂದೊಂದನ್ನೂ ಮಲಗಿಸುತ್ತಾ ಹೋಗಿ. ಕೊನೆಯಲ್ಲಿ ಮಗುವಿನ ಸರದಿ. ಒಂದು ಮಾದರಿ ಕೊಡುತ್ತೇನೆ:

ಕೊಟ್ಟಿಗೆ ಕರುವೂ ಮಲಗಿತು, ಜೋ ಜೋ
ಬಾಲ್ಕನಿ ಗುಬ್ಬಿಯು ಮಲಗಿತು, ಜೋ ಜೋ
ಅಪ್ಪನ ಸ್ಕೂಟರ್ ಮಲಗಿತು, ಜೋ ಜೋ
ನಮ್ಮನೆ ಪುಟ್ಟಿಯು ಮಲಗಲಿ, ಜೋ ಜೋ

"ಕೊಟ್ಟಿಗೆ – ಕರುವೂ – ಮಲಗಿತು – ಜೋ ಜೋ" ಎಂದು ನಾಲ್ಕು ತಟ್ಟಿಗೆ ನಾಲ್ಕು ತುಂಡು. ಕೊಟ್ಟಿಗೆ ಇಲ್ಲದ ಮನೆಯಲ್ಲಿ ಲಿಫ್ಟ್ ಮಲಗಲಿ, ಮಿಕ್ಸಿ ಮಲಗಲಿ. ಮಗು ಹಗಲಲ್ಲಿ ಕಂಡದ್ದು ರಾತ್ರಿ ಹಾಡಿಗೆ ಬಂದರೆ ಅದಕ್ಕೆ ತುಂಬಾ ಖುಷಿ. ಇದಕ್ಕೆ ಎರಡೇ ಸ್ವರ ಸಾಕು. ಮೊದಲ ಮೂರು ತುಂಡು ಒಂದು ಸ್ವರದಲ್ಲಿ, "ಜೋ ಜೋ" ಅದಕ್ಕಿಂತ ಕೆಳಗಿನ ಸ್ವರದಲ್ಲಿ. ಸಾಲು ಎಷ್ಟು ಬೇಕಾದರೂ ಬೆಳೆಸಬಹುದು. ಮಗುವಿನ ಸಾಲು ಮಾತ್ರ ಯಾವಾಗಲೂ ಕೊನೆಯದಾಗಿರಲಿ, ಪದವೂ ಬದಲಾಗದಿರಲಿ.

ಯಾವ ಭಾಷೆಯಲ್ಲಿ?

ನಿಮಗೆ ಯಾವ ಭಾಷೆಯಲ್ಲಿ ಮುದ್ದು ಮಾತು ತಾನಾಗಿ ಬರುತ್ತದೋ ಅದರಲ್ಲಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ತೆಲುಗು ಮಾತಾಡುವವರು ಅದರಲ್ಲೇ ಹಾಡಲಿ. ಅಮ್ಮನದೊಂದು, ಅಪ್ಪನದೊಂದು ಭಾಷೆಯಾದರೆ ಇಬ್ಬರೂ ಒಂದೊಂದು ಹಾಡು ಇಟ್ಟುಕೊಳ್ಳಿ. ಹೊರದೇಶದಲ್ಲಿರುವ ಕನ್ನಡದ ಮನೆಗಳಿಗೆ ನನ್ನದೊಂದು ಒತ್ತಾಯವಿದೆ. ಹಗಲು ಪೂರ್ತಿ ಬೇರೆ ಭಾಷೆ ಕೇಳುವ ಮಗುವಿಗೆ ರಾತ್ರಿಯ ಈ ಇಪ್ಪತ್ತು ನಿಮಿಷವಾದರೂ ಕನ್ನಡದಲ್ಲಿರಲಿ. ಅರ್ಥ ಕೇಳಿದರೆ ಬೆಳಿಗ್ಗೆ ಹೇಳಿ.

ಊರಿನಲ್ಲಿರುವ ಅಜ್ಜಿ ವಿಡಿಯೋ ಕರೆಯಲ್ಲಿ ಹಾಡಬಹುದು, ಆದರೆ ಮಲಗುವ ಹೊತ್ತಿಗೆ ಬೇಡ. ಪರದೆಯ ಬೆಳಕು, ಅಜ್ಜಿಯನ್ನು ಕಂಡ ಸಂಭ್ರಮ ಎರಡೂ ನಿದ್ದೆ ಓಡಿಸುತ್ತವೆ. ಸಂಜೆಯೇ ಕರೆ ಮಾಡಿ ಹಾಡಿಸಿ, ನೀವು ಕಲಿತು, ರಾತ್ರಿ ನೀವೇ ಹಾಡಿ. ಅಜ್ಜಿಯ ದನಿಯನ್ನು ಬರೀ ಧ್ವನಿಯಾಗಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಎದುರಿಗೆ ಸಿಕ್ಕಾಗ ರೆಕಾರ್ಡ್ ಮಾಡುವುದು ಇನ್ನೂ ಒಳ್ಳೆಯದು. ಫ್ಯಾನ್ ಆರಿಸಿ, ಫೋನನ್ನು ಒಂದು ಮೊಳ ದೂರದಲ್ಲಿಟ್ಟು, ಹಾಡಿನ ನಡುವೆ ಅಜ್ಜಿ ಹೇಳುವ ಕತೆಯನ್ನೂ ಬಿಡದೆ ಹಿಡಿಯಿರಿ. ಯಾವ ಊರು, ಯಾರಿಂದ ಕಲಿತದ್ದು, ಯಾವ ವರ್ಷ ಎಂದು ಫೈಲಿನ ಹೆಸರಲ್ಲೇ ಬರೆಯಿರಿ. ಮಗುವಿಗೆ ರೆಕಾರ್ಡಿಂಗ್ ಕೇಳಿಸುವಾಗ ಸದ್ದು ಕಡಿಮೆ ಇರಲಿ, ಫೋನ್ ತೊಟ್ಟಿಲಿನಿಂದ ಎರಡು ಮೀಟರ್ ದೂರವಿರಲಿ.

ಇನ್ನೊಂದು ಕೆಲಸವಿದೆ, ಅದಕ್ಕೆ ಹತ್ತು ನಿಮಿಷ ಸಾಕು. ನಿಮ್ಮ ಮೂರು ಹಾಡುಗಳ ಪದಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿ. ಯಾವುದು ಕಡೆಯದು ಎಂದು ಗುರುತು ಹಾಕಿ. ನಿಮಗೆ ಹುಷಾರಿಲ್ಲದ ದಿನ, ಆಫೀಸಿನಿಂದ ತಡವಾದ ದಿನ ಅಪ್ಪನೋ ಅತ್ತೆಯೋ ದೊಡ್ಡಮ್ಮನೋ ನೋಡಿಕೊಳ್ಳುವವರೋ ಅದೇ ಪದ, ಅದೇ ಕ್ರಮದಲ್ಲಿ ಹಾಡಬಹುದು. ವಾರಕ್ಕೆ ಎರಡು ದಿನವಾದರೂ ಬೇರೊಬ್ಬರು ಹಾಡುವಂತೆ ಮೊದಲಿನಿಂದಲೇ ರೂಢಿ ಮಾಡಿದರೆ, ಅಮ್ಮನೇ ಬೇಕು ಎಂಬ ಹಠ ಅಷ್ಟಾಗಿ ಬೆಳೆಯುವುದಿಲ್ಲ.